ತಂತಿ ಕಟ್ಟಿದ ಗಡಿಗೆ

ಗಂಡನನ್ನು ಮಣ್ಣು ಮಾಡಿ ಬಂದ ಮರುದಿನ ವೆತೂರಿಯಾ ಎಂದಿನ ಹೊತ್ತಿಗೇ ಎದ್ದಳು. ಒಲೆ ಹೊತ್ತಿಸಿದಳು, ಹಾಲು ಕರೆದಳು, ಕೋಳಿಗಳಿಗೆ ಜೋಳ ಎರಚಿದಳು. ಕೊಟ್ಟಿಗೆಯ ಮುಂದಿನ ಚಪ್ಪರದಲ್ಲಿ ಹಂದಿ ಇನ್ನೂ ತಲೆಕೆಳಗಾಗಿ ನೇತಾಡುತ್ತಿತ್ತು. ಪಕ್ಕದ ಮನೆಯವರು ಯಾರೋ ಕರುಳು ತೆಗೆದು, ತೊಳೆದು, ಕಟ್ಟಿ ಹೋಗಿದ್ದರು. ನಾಲ್ಕು ದಿನದ ಚಳಿಗೆ ಅದು ಮರದ ದಿಮ್ಮಿಯಾಗಿತ್ತು. ಕುತ್ತಿಗೆಯಲ್ಲಿ ಚೂರಿಯ ಎರಡು ತೂತು. ಮೊದಲನೆಯದು ಗುರಿ ತಪ್ಪಿದ್ದು, ಎರಡನೆಯದು ಸರಿಯಾಗಿ ಬಿದ್ದದ್ದು. ಎರಡೂ ಅವಳ ಗಂಡ ನಿಸ್ತೋರನ ಕೈಯವು. ಅವಳು ಹಾಲಿನ ಬಕೆಟ್ಟು ಹಿಡಿದು ಅದರ ಪಕ್ಕದಲ್ಲೇ ಹಾದುಹೋದಳು. ಸುಟ್ಟ ನಾಲಗೆಗೆ ರುಚಿ ಹತ್ತದ ಹಾಗೆ ಅವಳಿಗೆ ಏನೂ ಹತ್ತಲಿಲ್ಲ.

ಊರಿಗೆ ಅದು ಕ್ರಿಸ್ಮಸ್ಸಿನ ಹಿಂದಿನ ದಿನ. ಅಕ್ಕಪಕ್ಕದ ಎಲ್ಲ ಮನೆಗಳ ಹೊಗೆಗೂಡಿನಿಂದಲೂ ಅಕ್ರೋಟು ತುಂಬಿದ ಸಿಹಿರೊಟ್ಟಿಯ ವಾಸನೆ ಬರುತ್ತಿತ್ತು. ಈ ಮನೆಯಲ್ಲಿ ಇದ್ದದ್ದು ನಿನ್ನೆಯ ತಂಗಳು. ಹಬ್ಬದ ಮುಂಚಿನ ಉಪವಾಸದ ದಿನಗಳಲ್ಲಿ ಸತ್ತವನ ಊಟಕ್ಕೆ ಮಾಂಸ ಕೂಡದು. ಹಾಗಾಗಿ ಚಪ್ಪರದಲ್ಲಿ ಇಡೀ ಹಂದಿ ಇದ್ದರೂ ಊರಿನವರು ತಂದದ್ದು ಅಕ್ಕಿ, ಅಣಬೆಯ ಅಡುಗೆ. ಒಬ್ಬಳು ಬೆಳ್ಳುಳ್ಳಿ ಹಾಕಿ ಅರೆದ ಬೀನ್ಸ್ ಕಾಳು, ಇನ್ನೊಬ್ಬಳು ಉಪ್ಪುನೀರಿನ ಸೌತೆ, ಮತ್ತೊಬ್ಬಳು ಬೇಯಿಸಿದ ಒಣ ಪ್ಲಮ್ಮು. ಈ ಊರಿನಲ್ಲಿ ಹೆಂಗಸಿನ ಗುರುತು ಅವಳ ಮುಖಕ್ಕಿಂತ ಮೊದಲು ಅವಳ ಪಾತ್ರೆಯಿಂದ ಸಿಗುತ್ತದೆ. ಅತ್ತೆ ಪರಸ್ಕೀವಾ ಮೇಜಿನ ಮುಂದೆ ನಿಂತು, ಅಂಚು ಒಡೆದ ಬಟ್ಟಲು ಯಾರದು, ಹಿಡಿ ಸಡಿಲವಾದ ಬಾಣಲೆ ಯಾರದು ಎಂದು ನೋಡದೆಯೇ ವಿಂಗಡಿಸುತ್ತಿದ್ದಳು. ವೆತೂರಿಯಾ ಒಲೆಯ ಮುಂದೆ ಮೆಕ್ಕೆಜೋಳದ ಮುದ್ದೆ ತಿರುವುತ್ತಿದ್ದಳು.

"ತಂತಿ ಗಡಿಗೆ ಎಲ್ಲಿ?" ಎಂದಳು ಅತ್ತೆ.

ವೆತೂರಿಯಾ ಕೋಲು ನಿಲ್ಲಿಸಲಿಲ್ಲ.

"ನಿನ್ನೇ ಕೇಳ್ತಿರೋದು. ಆ ಕೊಲೆಗಡುಕನ ಮನೇದು, ಸುತ್ತ ತಂತಿ ಬಿಗಿದಿರೋದು. ಅದು ನಮ್ಮನೇಲಿ ಇನ್ನೊಂದು ಗಳಿಗೆ ಇರ್ಬಾರ್ದು. ಎಲ್ಲಿಟ್ಟೆ?"

ಆಗ ಅವಳಿಗೆ ನೆನಪಾಯಿತು. ನಿನ್ನೆ ಊಟ ಮುಗಿದ ಮೇಲೆ ಸತ್ತವನ ಹೆಸರಿನಲ್ಲಿ ಹನ್ನೆರಡು ಹೊಸ ಗಡಿಗೆಗಳನ್ನು ದಾನ ಕೊಡಬೇಕಿತ್ತು. ಒಳಗೆ ಅನ್ನ, ಮೇಲೆ ರೊಟ್ಟಿ, ಹಿಡಿಗೆ ಟವೆಲ್ಲು, ಟವೆಲ್ಲಿನ ಗಂಟಿನಲ್ಲಿ ಹೊತ್ತಿಸಿದ ಮೇಣದ ಬತ್ತಿ. ಹನ್ನೊಂದು ಕೊಟ್ಟಾದ ಮೇಲೆ ಕೊನೆಯದರಲ್ಲಿ ಬಿರುಕು ಕಂಡಿತ್ತು. ಹೊರಗೆ ಗುಂಡಿ ತೋಡಿದ ಪಹೋಮಿ ಅಜ್ಜ ಟೋಪಿ ತೆಗೆದು ಕಾಯುತ್ತಿದ್ದ. ಅವಳು ಕೈಗೆ ಸಿಕ್ಕ ಗಡಿಗೆಗೆ ಅಕ್ಕಿ, ಅಣಬೆ ಸುತ್ತಿದ ಎಲೆಕೋಸಿನ ಸುರುಳಿಗಳನ್ನು ತುಂಬಿ, ಟವೆಲ್ಲು ಕಟ್ಟಿ, ಬತ್ತಿ ಹಚ್ಚಿ ಕೊಟ್ಟುಬಿಟ್ಟಿದ್ದಳು. ಹಿಡಿಯುವಾಗ ಬೆರಳಿಗೆ ತಂತಿ ಒತ್ತಿದ್ದು ಈಗ ನೆನಪಿಗೆ ಬಂತು.

"ಪಹೋಮಿ ಅಜ್ಜನಿಗೆ ಕೊಟ್ಟೆ, ಅತ್ತೆ."

"ಹಾಗೇ ಕೊಟ್ಯಾ? ಇಲ್ಲಾ ಬತ್ತಿ ಹಚ್ಚಿ ಕೊಟ್ಯಾ?"

"ಬತ್ತಿ ಹಚ್ಚಿ."

ಪರಸ್ಕೀವಾ ಕೈಯಲ್ಲಿದ್ದ ಮರದ ಸೌಟನ್ನು ಬೀಸಿ ಸೊಸೆಯ ಕೆನ್ನೆಗೆ ಹೊಡೆದಳು. ಸೌಟು ಮುರಿಯಿತು. ಉಳಿದ ತುಂಡಿನಿಂದ ಇನ್ನೊಂದು ಹೊಡೆದಳು. ವೆತೂರಿಯಾ ಮುದ್ದೆ ಅಡಿ ಹಿಡಿಯದ ಹಾಗೆ ಪಾತ್ರೆಯನ್ನು ಒಲೆಯಿಂದ ಪಕ್ಕಕ್ಕೆ ಸರಿಸಿದಳು.

"ದಾನ ಕೊಟ್ಟ ಪಾತ್ರೆ ಪರಲೋಕದಲ್ಲಿ ಅವನ ಮುಂದೆ ಕೂತಿರುತ್ತೆ ಕಣೇ! ಕೊನೇವರೆಗೂ ಅದರಲ್ಲೇ ಅವನ ಊಟ! ತಲೆ ಒಡೆದವನ ಮನೆ ಗಡಿಗೇಲಿ ನನ್ನ ಮಗ ಉಣ್ಬೇಕಾ? ಕ್ಲುಜ್‌ನಲ್ಲಿ ನಾಲ್ಕು ವರ್ಷ ಕಾಲೇಜು ಓದಿದ್ಯಲ್ಲ, ಇದೇನಾ ಕಲಿತದ್ದು? ಪೊಲೀಸರ ಮುಂದೆ ಬಿಸಿನೀರಿನ ಮಾತೆತ್ತಿ ಒಂದ್ಸಲ ಕೊಂದೆ, ಈಗ ಇನ್ನೊಂದ್ಸಲ!"

ಈ ಗಲಾಟೆಗೆ ಒಳಕೋಣೆಯಿಂದ ಮೈದುನ ಗಾವ್ರಿಲ್ ಎದ್ದು ಬಂದ. ನಾಲ್ಕು ದಿನದಿಂದ ಗಡ್ಡ ತೆಗೆದಿರಲಿಲ್ಲ, ಪ್ಲಮ್ ಸಾರಾಯಿ ಬಿಟ್ಟು ಬೇರೇನೂ ಹೊಟ್ಟೆಗೆ ಹೋಗಿರಲಿಲ್ಲ. ತಾಯಿ ಹೇಳಿದ್ದನ್ನು ಕೇಳಿದ. ಅತ್ತಿಗೆಯ ಕೆನ್ನೆ ನೋಡಿದ.

"ಅಳ್ಬೇಡಮ್ಮ. ಮುದುಕನ ಹತ್ರದಿಂದ ತರ್ತೀನಿ."

"ತಂದು ಏನು ಮಾಡ್ತೀಯಾ?"

"ಜಂಫೀರಾ ಮನೆ ಗೇಟಿನ ಮೇಲೆ ಒಡೀತೀನಿ. ಇಲ್ಲಿ ಒಡೆದ್ರೆ ಅಲ್ಲೂ ಒಡೆಯುತ್ತೆ."

ತಾಯಿ ಬೇಡ ಎನ್ನಲಿಲ್ಲ. ಶಿಲುಬೆಯ ಗುರುತು ಹಾಕಿಕೊಂಡಳು. ಗಾವ್ರಿಲ್ ಸೌದೆ ರಾಶಿಯಿಂದ ಕೈಗೊಡಲಿ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟ.

ಹೆಣ ಮನೆ ದಾಟುವಾಗ ಹೊಸ್ತಿಲ ಮೇಲೆ ಗಡಿಗೆ ಒಡೆಯುತ್ತಾರೆ, ಸಾವು ಹಿಂದಿರುಗಿ ಬರಬಾರದೆಂದು. ನಿನ್ನೆ ಈ ಮನೆಯಲ್ಲೂ ಒಡೆದಿದ್ದರು. ಬೇರೆಯವರ ಗೇಟಿನ ಮೇಲೆ ಗಡಿಗೆ ಒಡೆದರೆ ಅದರ ಅರ್ಥ ಊರಿನ ಪ್ರತಿಯೊಬ್ಬರಿಗೂ ಗೊತ್ತು: ಮುಂದಿನ ಹೆಣ ಈ ಮನೆಯಿಂದ. ಹಾಗೆ ಒಡೆದವನು ಅಷ್ಟಕ್ಕೇ ಮನೆಗೆ ಬರುವಂತಿಲ್ಲ, ಬಂದರೆ ಗಂಡಸಲ್ಲ. ನಿಸ್ತೋರನನ್ನು ಕೊಂದ ಸಾಂದು ಪಟ್ಟಣದ ಲಾಕಪ್ಪಿನಲ್ಲಿದ್ದ. ಮನೆಯಲ್ಲಿ ಅವನ ತಾಯಿ ಜಂಫೀರಾ ಒಬ್ಬಳೇ. ಅವಳ ಮೂವರು ಅಣ್ಣತಮ್ಮಂದಿರು ಮೇಲಿನ ಕೇರಿಯಲ್ಲಿ ಬಂದೂಕು ಎಣ್ಣೆ ಹಚ್ಚಿಟ್ಟುಕೊಂಡಿದ್ದಾರೆಂದು ನಿನ್ನೆ ಊಟದ ಸಾಲಿನಲ್ಲೇ ಯಾರೋ ಹೇಳಿದ್ದರು.

ವೆತೂರಿಯಾಗೆ ಇದಾವುದೂ ಒಳಗೆ ಇಳಿಯಲಿಲ್ಲ. ಇಳಿದದ್ದು ಬೇರೆ ಒಂದು ಮಾತು. ಸಾಯುವ ಹಿಂದಿನ ಸಂಜೆ ನಿಸ್ತೋರ್ ಆ ಗಡಿಗೆಯನ್ನು ಮಗುವಿನ ಹಾಗೆ ಕೋಟಿನೊಳಗೆ ಅವಚಿಕೊಂಡು ತಂದಿದ್ದ.

"ಜಂಫೀರಾ ದೊಡ್ಡಮ್ಮನ ಗಡಿಗೇಲಿ ಮಾಡಿದ ಸುರುಳಿ ನೀನು ತಿಂದಿಲ್ಲ," ಎಂದಿದ್ದ. "ಮೊದಲ ದಿನ ಅಂಥಾ ರುಚಿ ಇರಲ್ಲ. ಎರಡನೇ ದಿನ ಬಿಸಿ ಮಾಡಿದ್ರೆ, ಹ್ಞಾ, ಪರವಾಗಿಲ್ಲ. ಮೂರನೇ ದಿನ ತಳದಲ್ಲಿ ಉಳಿದಿರುತ್ತಲ್ಲ, ಅದಕ್ಕೆ ನಾನೂ ಸಾಂದೂ ಹೊಡೆದಾಡಿಕೊಳ್ತಿದ್ವಿ. ಹಬ್ಬ ಮುಗಿದ ಮೇಲೆ ನಾನೇ ಕೈಯಾರೆ ತಂದುಕೊಡ್ತೀನಿ ಅಂತ ಹೇಳಿ ತಂದಿದ್ದೀನಿ. ಅವಳು ಇದನ್ನ ಯಾರಿಗೂ ಕೊಟ್ಟೋಳಲ್ಲ. ನೀನೂ ಯಾರ ಕೈಗೂ ಕೊಡಬೇಡ."

ಅವಳು ಕೊಟ್ಟುಬಿಟ್ಟಿದ್ದಳು. ಅವನು ತನ್ನ ಬಾಯಿಂದ ಅವಳಿಗೆ ಒಪ್ಪಿಸಿದ ಕೊನೆಯ ಕೆಲಸ ಅದೊಂದೇ.

ಮೇಲಿನ ಕಪಾಟಿನಿಂದ ನೀಲಿ ಎನಾಮಲ್ ಪಾತ್ರೆ ತೆಗೆದಳು. ಮದುವೆಗೆ ಅವಳ ತಾಯಿ ಕೊಟ್ಟದ್ದು. ನಿನ್ನೆ ಉಳಿದ ಸುರುಳಿಗಳನ್ನು ಅದಕ್ಕೆ ಸುರಿದಳು, ಟವೆಲ್ಲು ಕಟ್ಟಿದಳು, ಒಂದು ಬತ್ತಿ ಜೇಬಿಗೆ ಹಾಕಿಕೊಂಡಳು.

"ಎಲ್ಲಿಗೆ?" ಎಂದಳು ಅತ್ತೆ.

"ಪಾತ್ರೆ ಬದಲಾಯಿಸೋಕೆ."

"ಕೊಟ್ಟಿದ್ದನ್ನ ಬದಲಾಯಿಸೋಕಾಗಲ್ಲ!"

ವೆತೂರಿಯಾ ಆಗಲೇ ಅಂಗಳ ದಾಟಿದ್ದಳು. ಮುದ್ದೆಕೋಲು ಕೈಯಲ್ಲೇ ಉಳಿದಿದೆಯೆಂದು ಬೀದಿಗೆ ಬಂದ ಮೇಲೆ ಗೊತ್ತಾಯಿತು.

ಹಿಮದ ಮೇಲೆ ಗಾವ್ರಿಲನ ಬೂಟಿನ ಹೆಜ್ಜೆಗಳು ಸ್ಮಶಾನದ ಕಡೆಗೆ ಹೋಗಿದ್ದವು. ಅವುಗಳ ಮೇಲೆಯೇ ಕಾಲಿಟ್ಟು ಓಡಿದಳು. ಓಡುವಾಗ, ಬೇಡವೆಂದರೂ, ಆ ದಿನ ಕಣ್ಣ ಮುಂದೆ ಬಂತು. ಅವಳು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದಳು. ಗಾವ್ರಿಲ್ ಹಿಂಗಾಲು ಹಿಡಿದಿದ್ದ, ಸಾಂದು ಕಿವಿ ಹಿಡಿದಿದ್ದ. ನಿಸ್ತೋರ್ ಚೂರಿ ಹಾಕಿದ. ಹಂದಿ ಸಾಯಲಿಲ್ಲ. ಸಾಂದುವನ್ನು ಕೆಡವಿ, ಕುತ್ತಿಗೆಯಲ್ಲಿ ಹಿಡಿಯವರೆಗೂ ಚೂರಿ ಸಿಕ್ಕಿಸಿಕೊಂಡೇ ಅಂಗಳವನ್ನು ಮೂರು ಸುತ್ತು ಹಾಕಿತು. ಬಾವಿಕಟ್ಟೆ, ಬಾಗಿಲು, ಒಗೆದು ಹರವಿದ ಬಟ್ಟೆ ಎಲ್ಲಕ್ಕೂ ರಕ್ತ ಸಿಡಿಯಿತು. ಸಾಂದು ಹಿಮದಲ್ಲಿ ಬಿದ್ದುಕೊಂಡೇ ನಕ್ಕ.

"ಲೋ ನಿಸ್ತೋರ್, ಹೃದಯ ಎಲ್ಲಿರುತ್ತೆ ಅಂತ ನಿನ್ನ ಟೀಚರಮ್ಮನ್ನ ಕೇಳ್ಕೊಂಡು ಬಾರೋ! ಮದುವೆಯಾಗಿ ಎರಡು ವರ್ಷ ಆಯ್ತು, ಇನ್ನೂ ಎಲ್ಲಿ ಚುಚ್ಬೇಕು ಅಂತ ಗೊತ್ತಾಗಿಲ್ವಾ?"

ಎಲ್ಲರೂ ನಕ್ಕರು. ನಿಸ್ತೋರನೂ ನಕ್ಕ. ಅದೇ ಮಾತನ್ನು ಸಾಂದು ಸಾರಾಯಿಯ ಎರಡನೇ ಲೋಟಕ್ಕೂ ಹೇಳಿದ, ಮೂರನೇ ಲೋಟಕ್ಕೂ ಹೇಳಿದ. ಮೂರನೆಯದಕ್ಕೆ ನಿಸ್ತೋರ್ ಕುದಿಯುವ ನೀರಿನ ತಂಬಿಗೆ ಎತ್ತಿ ಅವನ ಕುತ್ತಿಗೆಗೆ ಎರಚಿದ. ಸಾಂದು ಕಿರುಚುತ್ತಾ ಕೈಯಲ್ಲಿದ್ದುದನ್ನು ಬೀಸಿದ. ಕೈಯಲ್ಲಿದ್ದದ್ದು ಕೊಡಲಿ. ಬಡಿದದ್ದು ಅದರ ಹಿಂಬದಿ. ನಿಸ್ತೋರ್ ಬೀಳಲಿಲ್ಲ. ಟೋಪಿ ಎತ್ತಿಕೊಳ್ಳಲು ಬಗ್ಗಿದ, ಬಗ್ಗಿದವನು ಏಳಲಿಲ್ಲ. ಅವಳು ಇದನ್ನು ಹೇಗೆ ಕಂಡಳೋ ಹಾಗೆಯೇ ಪೊಲೀಸರಿಗೆ ಹೇಳಿದ್ದಳು, ಶಾಲೆಯಲ್ಲಿ ಮಕ್ಕಳಿಗೆ ಪ್ರಯೋಗದ ವಿವರ ಬರೆಸುವ ಹಾಗೆ.

ಪಹೋಮಿಯ ಗುಡಿಸಲಿನ ಬಾಗಿಲು ಕೀಲಿನಿಂದ ಕಿತ್ತು ಬಂದಿತ್ತು. ಮುದುಕ ಗೋಡೆಗೆ ಒರಗಿ ಕುಳಿತಿದ್ದ. ಮೂಗಿನಿಂದ ಇಳಿದ ರಕ್ತ ಮೀಸೆಯಲ್ಲಿ ಕೂಡಿಕೊಂಡು ತೊಟ್ಟಿಕ್ಕುತ್ತಿತ್ತು. ಗಡಿಗೆಯನ್ನು ಎರಡು ತೊಡೆಗಳ ನಡುವೆ ಸಿಕ್ಕಿಸಿಕೊಂಡು, ಎರಡೂ ತೋಳುಗಳಿಂದ ಅವಚಿಕೊಂಡಿದ್ದ. ಗಾವ್ರಿಲ್ ಅವನ ಪಕ್ಕೆಗೆ ಒದೆಯುತ್ತಿದ್ದ.

"ಬಿಡೋ ಮುದುಕಾ!"

"ಬಿಡಲ್ಲ. ಬತ್ತಿ ಉರಿದಿದೆ, ನಾನು 'ದೇವರು ಮೆಚ್ಚಲಿ' ಅಂದಿದ್ದೀನಿ. ಈಗ ಇದು ನಂದು. ಒದಿ, ಒದಿ. ನೆನಪಿಟ್ಕೊ, ನಿಂಗೂ ಗುಂಡಿ ತೋಡೋನು ನಾನೇ. ಮಂಡಿ ಮಡಚ್ಕೊಂಡು ಮಲಗೋ ಹಾಗೆ ಗಿಡ್ಡಕ್ಕೆ ತೋಡ್ತೀನಿ."

ಗಾವ್ರಿಲ್ ಅವನ ಕೂದಲು ಹಿಡಿದು ತಲೆಯನ್ನು ಗೋಡೆಗೆ ಬಡಿದ. ಒಂದು ಸಲ, ಮತ್ತೊಂದು ಸಲ. ಮುದುಕನ ತೊಡೆಗಳು ಸಡಿಲವಾದವು. ಗಾವ್ರಿಲ್ ಗಡಿಗೆಯನ್ನು ಕಿತ್ತುಕೊಂಡು ತಿರುಗಿದ. ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು.

"ಕೊಡಿಲ್ಲಿ," ಎಂದಳು.

"ಆ ಕಡೆ ಸರಿ, ಅತ್ತಿಗೆ."

"ಅದನ್ನ ನಿಸ್ತೋರ್ ತಂದದ್ದು. ಅವನು ವಾಪಸ್ ಕೊಡ್ತೀನಿ ಅಂದಿದ್ದಾನೆ."

"ಅವನು ಮಣ್ಣಲ್ಲಿದ್ದಾನೆ! ನೀನೊಂದು ಹನಿ ಕಣ್ಣೀರು ಹಾಕ್ಲಿಲ್ಲ! ಊರೆಲ್ಲಾ ಏನಂತಿದೆ ಗೊತ್ತಾ? ಇವಳು ಓದಿದ್ದು ಜಾಸ್ತಿಯಾಗಿ ಒಳಗೆಲ್ಲಾ ಹುರಿದು ಹೋಗಿದೆ ಅಂತಿದೆ!"

"ಅನ್ಲಿ. ಗಡಿಗೆ ಕೊಡು."

ಅವನು ಭುಜದಿಂದ ಅವಳನ್ನು ಗುದ್ದಿ ದಾಟಿದ. ಅವಳು ಬಾಗಿಲ ಚೌಕಟ್ಟಿಗೆ ಬಡಿದಳು. ಎನಾಮಲ್ ಪಾತ್ರೆ ಕೈಯಿಂದ ಜಾರದ ಹಾಗೆ ಅದನ್ನು ಮೊದಲು ನೆಲಕ್ಕಿಟ್ಟಳು, ಆಮೇಲೆ ಅವನ ಹಿಂದೆ ಹಿಮಕ್ಕೆ ಇಳಿದಳು. ಗಡಿಗೆಯ ಎಡ ಹಿಡಿಯ ಮೇಲಿದ್ದ ಅವನ ಬೆರಳುಗಳಿಗೆ ಮುದ್ದೆಕೋಲಿನಿಂದ ಹೊಡೆದಳು. ಒಣ ಪುಳ್ಳೆ ಮುರಿದಂಥ ಸದ್ದಾಯಿತು. ಗಾವ್ರಿಲ್ ಬೊಬ್ಬೆ ಹಾಕಿದ. ಆದರೆ ಗಡಿಗೆ ಬಿಡಲಿಲ್ಲ. ಬಲ ತೋಳಿನಲ್ಲಿ ಅದನ್ನು ಅವಚಿ, ಮುರಿದ ಕೈಯ ಹಿಂಬದಿಯಿಂದ ಅವಳ ಬಾಯಿಗೆ ಹೊಡೆದ. ಹಲ್ಲು ತುಟಿಯನ್ನು ಸೀಳಿತು. ಬಾಯಿ ತುಂಬ ರಕ್ತದ ರುಚಿ ಬಂತು. ನಾಲ್ಕು ದಿನದಲ್ಲಿ ಅವಳಿಗೆ ಹತ್ತಿದ ಮೊದಲ ರುಚಿ.

ಅವಳು ಅವನ ಮೇಲೆ ಬಿದ್ದಳು. ಇಬ್ಬರೂ ಹಿಮದಲ್ಲಿ ಉರುಳಿದರು. ಗಡಿಗೆ ಇಬ್ಬರ ಹೊಟ್ಟೆಗಳ ನಡುವೆ ಸಿಕ್ಕಿಕೊಂಡಿತ್ತು. ಅವಳು ಬೆನ್ನು ಬಾಗಿಸಿ ಅದರ ಮೇಲೆ ಅವನ ಭಾರ ಬೀಳದ ಹಾಗೆ ತಡೆದಳು, ತಡೆಯುತ್ತಲೇ ಅವನ ಕಿವಿ ಕಚ್ಚಿದಳು. ಅವನು ಅವಳ ಜಡೆಯನ್ನು ಕೈಗೆ ಸುತ್ತಿ ಹಿಂದಕ್ಕೆ ಎಳೆದ. ಅವಳು ಬಿಡಲಿಲ್ಲ. ಅವನು ಸೊಂಟದಲ್ಲಿದ್ದ ಕೈಗೊಡಲಿಗೆ ಕೈ ಹಾಕಿದ. ಮುರಿದ ಬೆರಳುಗಳು ಹಿಡಿ ಹಿಡಿಯಲಿಲ್ಲ. ಅದು ಜಾರಿ ಬಿತ್ತು. ಅವಳು ಎತ್ತಿಕೊಂಡಳು. ಮೊಣಕಾಲೂರಿ ಎದ್ದು, ಅದನ್ನು ಎರಡೂ ಕೈಗಳಲ್ಲಿ ತಲೆಯ ಮೇಲೆತ್ತಿದಳು. ಗಾವ್ರಿಲ್ ಅಂಗಾತ ಬಿದ್ದು ಅವಳನ್ನೇ ನೋಡಿದ.

ಅವನ ಹಣೆ ಅಣ್ಣನ ಹಣೆಯ ಹಾಗೆಯೇ ಇತ್ತು. ಎಡಗಡೆ ಎಲ್ಲಿ ಬಡಿದರೆ ಸಾಕು ಎಂದು ಅವಳಿಗೆ ತಿಳಿದಿತ್ತು. ಬೀಸಬೇಕೆಂಬ ಆಸೆ ಮೊಣಕೈಯಿಂದ ಮುಂಗೈಗೆ ಇಳಿದದ್ದೂ ತಿಳಿಯಿತು. ಸಾಂದುವಿನ ತೋಳಿನಲ್ಲೂ ಇದು ಹೀಗೆಯೇ ಇಳಿದಿರಬೇಕು. ಕೊಡಲಿಯನ್ನು ಸ್ಮಶಾನದ ಬೇಲಿಯಾಚೆಗೆ ಎಸೆದಳು.

"ಅಮ್ಮಂಗೆ ಏನು ಹೇಳ್ಲಿ?" ಎಂದ ಗಾವ್ರಿಲ್. ಸ್ವಲ್ಪ ಹೊತ್ತಿನ ಮೇಲೆ ಅಳತೊಡಗಿದ. ಮುರಿದ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು, ಬಾಯಿ ತೆರೆದು, ಸದ್ದಿಲ್ಲದೆ ಅತ್ತ. "ನಾನು ಹಿಂಗಾಲು ಸರಿಯಾಗಿ ಹಿಡಿದಿದ್ರೆ ಹಂದಿ ಏಳ್ತಿರಲಿಲ್ಲ, ಅತ್ತಿಗೆ."

ಅವಳು ಬಾಯಿಯ ರಕ್ತ ಉಗುಳಿ, ಗಡಿಗೆ ಎತ್ತಿಕೊಂಡು ಒಳಗೆ ಹೋದಳು.

ಪಹೋಮಿ ಕಣ್ಣು ತೆರೆದಿದ್ದ. ಗಡಿಗೆಯ ತಳದಲ್ಲಿ ಚೆಲ್ಲದೆ ಅಂಟಿಕೊಂಡು ಏಳೆಂಟು ಸುರುಳಿಗಳು ಉಳಿದಿದ್ದವು. ಅವಳು ಅವನ್ನು ಒಂದೊಂದಾಗಿ ಎತ್ತಿ ನೀಲಿ ಪಾತ್ರೆಗೆ ಹಾಕಿದಳು. ಅವನ ಮುಂದೆ ಮಂಡಿಯೂರಿ ಕುಳಿತಳು.

"ಅಜ್ಜಾ, ನಿನ್ನೆ ನಾನು ತಪ್ಪು ಮಾಡಿದೆ. ನಂದಲ್ಲದ್ದನ್ನ ಕೊಟ್ಟೆ."

"ಕೊಟ್ಟದ್ದನ್ನ ಕೇಳೋಕೆ ಬಂದ್ಯಾ ನೀನೂ?"

"ಕಿತ್ಕೊಳ್ಳೋಕೆ ಬಂದಿಲ್ಲ. ನೀನೇ ಕೊಟ್ರೆ ತಗೊಳ್ತೀನಿ. ಇದು ನನ್ನ ಮದುವೆ ಪಾತ್ರೆ. ಇದು ಖಂಡಿತ ನಂದೇ."

ಮುದುಕ ನೀಲಿ ಪಾತ್ರೆಯನ್ನು ತಿರುಗಿಸಿ ನೋಡಿದ. ಉಗುರಿನಿಂದ ಕೆರೆದ. "ಅಂಗಡೀದು. ಮಣ್ಣಿನ ಗಡಿಗೇಲಿ ಬರೋ ರುಚಿ ಇದರಲ್ಲಿ ಬರಲ್ಲ."

"ಬರಲ್ಲ."

"ಸುರುಳಿ ಯಾರು ಮಾಡಿದ್ದು?"

"ನಾನೇ."

"ಉಪ್ಪು ಕಮ್ಮಿ," ಎಂದ. ತೋಳಿನಿಂದ ಮೂಗು ಒರೆಸಿಕೊಂಡ. "ನಿನ್ನ ತುಟೀಲೂ ರಕ್ತ ಬರ್ತಿದೆ. ಇಬ್ಬರೂ ಚೆನ್ನಾಗಿ ಕಾಣ್ತಿದ್ದೀವಿ, ಹಬ್ಬದ ದಿನ. ಹಚ್ಚು ಬತ್ತಿ."

ಅವಳು ಬತ್ತಿ ಹಚ್ಚಿದಳು. ಪಾತ್ರೆಯನ್ನು ಎರಡೂ ಕೈಗಳಲ್ಲಿ ಹಿಡಿದು, ನಿನ್ನೆ ಬರೀ ಬಾಯಿಂದ ಹೇಳಿದ್ದ ಮಾತನ್ನು ಇವತ್ತು ಹೇಳಿದಳು: "ಇದು ನಿಸ್ತೋರನಿಗೆ." ಮುದುಕ ತಲೆ ಬಗ್ಗಿಸಿ "ದೇವರು ಮೆಚ್ಚಲಿ" ಎಂದು ತೆಗೆದುಕೊಂಡ. ಆಮೇಲೆ ತಂತಿ ಗಡಿಗೆಯನ್ನು ಕಾಲಿನಿಂದ ಅವಳ ಕಡೆಗೆ ಸರಿಸಿದ.

ಗುಡಿಸಲಿನ ಹಿಂದೆ ಹಿಮ ತುಂಬಿ ಅವಳು ಅದನ್ನು ತಿಕ್ಕಿ ತೊಳೆದಳು. ಒಂದು ಕಡೆ ತಂತಿ ಕಿತ್ತು ಬಂದಿತ್ತು, ತಿರುಚಿ ಬಿಗಿದಳು. ಅಂಗೈ ಕುಯ್ದಿತು. ನೋವಾಯಿತು. ಹೊರಗೆ ಗಾವ್ರಿಲ್ ಇನ್ನೂ ಹಿಮದಲ್ಲೇ ಕುಳಿತಿದ್ದ. ಅವಳು ಗಡಿಗೆ ಹಿಡಿದು ಹಳ್ಳದಾಚೆಯ ಜಂಫೀರಾಳ ಮನೆಯ ಕಡೆಗೆ ನಡೆದಾಗ ಅವನು ತಲೆ ಎತ್ತಿದ, ಏಳಲಿಲ್ಲ.

ಬೀದಿಯ ಹೆಂಗಸರು ಬಾಗಿಲುಗಳಿಗೆ ಬಂದು ನಿಂತರು. ಒಬ್ಬಳ ಕೈಯಲ್ಲಿ ಹಿಟ್ಟು, ಒಬ್ಬಳ ಕೈಯಲ್ಲಿ ಪುಕ್ಕ ಕಿತ್ತ ಕೋಳಿ.

"ಪರಸ್ಕೀವಾ ಸೊಸೆ ಅಲ್ವೇನೇ ಅದು? ಎಲ್ಲಿಗೆ ಹೊರಟ್ಳು ಆ ಮುಖ ಹೊತ್ಕೊಂಡು?"

"ಕೈಯಲ್ಲಿರೋದು ನೋಡು. ಆ ಗಡಿಗೆ ಯಾರದು ಗೊತ್ತಾಗ್ಲಿಲ್ವಾ? ಒಡೆಯೋಕೆ ಹೊರಟಿದ್ದಾಳೆ."

"ಅಯ್ಯೋ ದೇವರೇ. ಮಕ್ಕಳನ್ನ ಒಳಗೆ ಕರಿ."

ಸೇತುವೆ ದಾಟುವಾಗ ಮೂವರು ಗಂಡಸರು ಮೇಲಿನ ಕೇರಿಯಿಂದ ಇಳಿಯುತ್ತಿರುವುದು ಕಂಡಿತು. ಅವರ ಕೈಯಲ್ಲಿ ಏನಿತ್ತೆಂದು ಅವಳು ನೋಡಲು ಹೋಗಲಿಲ್ಲ. ಕಾಲು ಜಾರಿದರೆ ಮುಗಿಯಿತು ಎನ್ನುವುದೊಂದೇ ತಲೆಯಲ್ಲಿತ್ತು. ಹಿಮದಲ್ಲಿ ಒಂದೊಂದು ಹೆಜ್ಜೆಯನ್ನೂ ಅದುಮಿ ಇಟ್ಟಳು.

ಜಂಫೀರಾಳ ಮನೆಯ ಕಿಟಕಿಗಳಿಗೆ ಗಾಜಿರಲಿಲ್ಲ. ಯಾರೋ ಕಲ್ಲು ಹೊಡೆದಿದ್ದರು. ಒಳಗಿನಿಂದ ಕಂಬಳಿ ತೂಗುಹಾಕಿತ್ತು. ಹೊಗೆಗೂಡಿನಲ್ಲಿ ಹೊಗೆಯೂ ಇಲ್ಲ. ಹಬ್ಬದ ಹಿಂದಿನ ದಿನ ಒಲೆ ಹಚ್ಚದ ಮನೆ ಊರಿನಲ್ಲಿ ಅದೊಂದೇ. ಗೇಟಿಗೆ ಒಳಗಿನಿಂದ ಗಾಡಿಯ ಗಾಲಿ, ಮುರಿದ ಬೆಂಚು ಅಡ್ಡ ಇಟ್ಟಿದ್ದರು. ವೆತೂರಿಯಾ ಹತ್ತಿರ ಹೋಗುತ್ತಿದ್ದಂತೆ ಬೇಲಿಯ ಸಂದಿನಿಂದ ಹುಲ್ಲು ಕೆದಕುವ ಕವೆಗೋಲು ತೂರಿ ಬಂದು ಅವಳ ತೋಳಿನ ಬಟ್ಟೆಯನ್ನು ಹರಿಯಿತು. ಒಂದು ಮೊನೆ ಚರ್ಮಕ್ಕೂ ತಾಗಿತು.

"ಇನ್ನೊಂದು ಹೆಜ್ಜೆ ಇಟ್ರೆ ಹೊಟ್ಟೆಗೇ ಹಾಕ್ತೀನಿ," ಎಂದಿತು ಬೇಲಿಯ ಹಿಂದಿನ ದನಿ.

"ನಾನು. ನಿಸ್ತೋರನ ಹೆಂಡ್ತಿ."

"ಗೊತ್ತು. ಕೈಯಲ್ಲಿರೋದೂ ಗೊತ್ತು. ಒಡಿ, ಒಡೆದು ಹೋಗು. ನಿಮ್ಮನೇಲಿ ಗಂಡಸರು ಯಾರೂ ಉಳಿದಿಲ್ವಾ, ನಿನ್ನ ಕಳಿಸಿದ್ದಾರೆ?"

"ಒಡೆಯೋಕೆ ಬಂದಿಲ್ಲ."

"ಮತ್ತೆ?"

"ನಿಸ್ತೋರ್ ತಂದಿದ್ದ. ಹಬ್ಬ ಮುಗಿದ ಮೇಲೆ ತಂದುಕೊಡ್ತೀನಿ ಅಂದಿದ್ದನಂತೆ. ಹಬ್ಬಕ್ಕೆ ಮುಂಚೇನೇ ತಂದಿದ್ದೀನಿ."

ಸಂದಿನಲ್ಲಿ ಒಂದು ಕಣ್ಣು, ಕಪ್ಪು ತಲೆವಸ್ತ್ರದ ಅಂಚು ಕಂಡವು. ಕಣ್ಣು ಅವಳ ಸೀಳಿದ ತುಟಿಯನ್ನು ನೋಡಿತು, ಬಾತ ಕೆನ್ನೆಯನ್ನು ನೋಡಿತು, ಗಡಿಗೆಯ ಹತ್ತಿರ ಬಂದು ನಿಂತಿತು.

"ಯಾರು ಹೊಡೆದದ್ದು?"

"ಮನೆಯವರೇ."

"ಇದಕ್ಕೇ?"

"ಹ್ಞೂ."

ಗಾಲಿ ಸರಿದ ಸದ್ದಾಯಿತು. ಆಮೇಲೆ ಬೆಂಚು. ಗೇಟು ಒಂದು ಮೊಳ ತೆರೆಯಿತು. ಜಂಫೀರಾ ಅಲ್ಲಿ ನಿಂತಿದ್ದಳು, ಎರಡೂ ಕೈಗಳಲ್ಲಿ ಕವೆಗೋಲು ಹಿಡಿದು, ಅದರ ಮೂರು ಮೊನೆಗಳನ್ನು ವೆತೂರಿಯಾಳ ಎದೆಯ ಮಟ್ಟಕ್ಕೆ ಇಟ್ಟುಕೊಂಡು. ಬೀದಿಯ ಆ ತುದಿಯಲ್ಲಿ ಮೂವರು ಅಣ್ಣತಮ್ಮಂದಿರು ನಿಂತುಬಿಟ್ಟಿದ್ದರು.

ವೆತೂರಿಯಾ ಗಡಿಗೆಯನ್ನು ಮುಂದಕ್ಕೆ ಚಾಚಿದಳು. ಅದು ಹತ್ತು ಜನಕ್ಕೆ ಬೇಯಿಸುವ ಗಡಿಗೆ. ಒಂದು ಕೈಯಲ್ಲಿ ಹಿಡಿಯುವಂಥದ್ದಲ್ಲ.

"ತಗೊಳ್ಳಿ, ದೊಡ್ಡಮ್ಮ," ಎಂದಳು.

ಜಂಫೀರಾ ಕವೆಗೋಲನ್ನು ಬೇಲಿಗೆ ಒರಗಿಸಿ, ಎರಡೂ ಕೈ ಚಾಚಿ ತೆಗೆದುಕೊಂಡಳು.